ಶ್ಯಾವಿಗೆ ಒರಳಿನ ಕಾಲು

ಹರಿಹರ ನಮ್ಮ ಜಗಲಿ ಹತ್ತಿದಾಗ ನಾನು ಅವನನ್ನು ಒಳಗೆ ಕರೆಯಲಿಲ್ಲ. ಬೇಕೆಂದೇ ಕರೆಯಲಿಲ್ಲ. ಎದುರಿಗೆ ಹರಿಹರಣ್ಣ ಎನ್ನುತ್ತೇನೆ, ಮನಸ್ಸಿನಲ್ಲಿ ಮಾತ್ರ ಅವನಿಗೆ ಏಕವಚನವೇ ಜಾಸ್ತಿ. ಬಾಳಗಡಿಯಲ್ಲಿ ಅವನದು ಮರದ ಸಾಮಾನಿನ ಶೆಡ್ಡು. ನನ್ನ ಅಪ್ಪ ಗುರುವ ಜೀವಮಾನವಿಡೀ ಆ ಶೆಡ್ಡಿನಲ್ಲಿ ಮರ ತಿರುಗಿಸುವ ಲೇತಿನ ಮುಂದೆ ನಿಂತು ಕಂಬ, ಕಡಗೋಲು, ತೊಟ್ಟಿಲ ಕಾಲು ಕಡೆದವನು. ಅಪ್ಪ ಸತ್ತ ಮೇಲೆ ಅಮ್ಮ ಅಲ್ಲಿಗೆ ಹೋಗಿ, ಅವರು ಕೈಯಾರೆ ಮಾಡಿಕೊಂಡ ಸಾಮಾನಾದರೂ ಕೊಡಿ ಎಂದು ಕೇಳಿದ್ದಳು. ಶೆಡ್ಡಿನಲ್ಲಿ ಇರುವುದೆಲ್ಲ ಶೆಡ್ಡಿನದೇ ಎಂದು ಬರಿಗೈಯಲ್ಲಿ ಕಳಿಸಿದ್ದ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಅಪ್ಪ ಕಡೆದದ್ದನ್ನೆಲ್ಲ ತಾನೇ ಕಡೆದದ್ದೆಂದು ಊರಿಡೀ ಹೇಳಿಕೊಂಡು ತಿರುಗಿದನಲ್ಲ, ಅದಕ್ಕೆ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ.

ಆ ಸುಳ್ಳೇ ಈಗ ಅವನ ಕುತ್ತಿಗೆಗೆ ಬಂದಿತ್ತು. ಬೇಗಾರಿನ ಸುಬ್ಬಲಕ್ಷ್ಮಮ್ಮನ ಮನೆಯಲ್ಲಿ ಒಂದು ಬೀಟೆ ಮಂಚವಿದೆ. ಸೊಳ್ಳೆಪರದೆ ಕಟ್ಟಲು ಅದರ ನಾಲ್ಕು ಮೂಲೆಗೆ ಕಂಬಗಳು, ಆಳೆತ್ತರ, ಮಣಿಕಟ್ಟಿನಷ್ಟು ಸಪೂರ. ಮಂಚ ಸರಿಸುವಾಗ ಒಂದು ಕಂಬ ಮುರಿಯಿತು. ಅವನ್ನು ಕಡೆದ ಕೈಯೇ ಹೊಸದನ್ನೂ ಕಡೆಯಬೇಕು, ತಾನು ಎದುರು ಕೂತು ನೋಡಬೇಕು ಎಂದು ಆಯಮ್ಮ ಹಟ ಹಿಡಿದರು. ಹರಿಹರ ಲಟ್ಟಣಿಗೆಗಿಂತ ದೊಡ್ಡದನ್ನು ಕಡೆದವನೇ ಅಲ್ಲ. ಅಪ್ಪ ಹೋದಮೇಲೆ ಆ ಲೇತಿಗೆ ಗೋಣಿ ಹೊದಿಸಿಟ್ಟು, ಬರೀ ರೆಡಿಮೇಡ್ ಸಾಮಾನು ತಂದು ಮಾರುತ್ತಿದ್ದ.

ಮನೆ ಹಿಂದೆ ಸಣ್ಣ ಲೇತ್ ಇಟ್ಟುಕೊಂಡು ನಾನೂ ಅದೇ ಕೆಲಸ ಮಾಡುತ್ತೇನೆ. ಅದಕ್ಕೇ ಬಂದಿದ್ದ. ಕಂಬ ಕಡೆದುಕೊಡು ಎಂದು ಕೇಳಲಿಲ್ಲ, ಆಯಮ್ಮನ ಎದುರು ನನ್ನನ್ನು ನಿಲ್ಲಿಸಿದರೆ ಗುಟ್ಟು ರಟ್ಟಾಗುತ್ತಿತ್ತಲ್ಲ. ಗೋಣಿಚೀಲ ಕೊಡವಿ ಲೇತಿನ ಹಳೆಯ ಸಾಮಾನನ್ನು ಜಗಲಿ ಮೇಲೆ ಸುರಿದು, ಯಾವುದು ಎಂತಕ್ಕೆ ಎಂದಷ್ಟು ಹೇಳು ಸಾಕು ಎಂದ.

ಹೇಳಿದೆ. ನಾಲ್ಕು ಹಲ್ಲಿನ ಈ ತುಂಡು ಮರವನ್ನು ಕಚ್ಚಿ ತಿರುಗಿಸುವುದಕ್ಕೆ. ಈ ಮೊನೆ ಆಚೆ ತುದಿಯಿಂದ ಒತ್ತಿ ಹಿಡಿಯುವುದಕ್ಕೆ. ತೂತಿನ ತಟ್ಟೆ ಬಟ್ಟಲು ಕಡೆಯುವಾಗ ಬೇಕು, ಕಂಬಕ್ಕೆ ಬೇಡ. ಉಳಿ ಊರುವ ರೆಸ್ಟುಗಳಲ್ಲಿ ಉದ್ದದ್ದನ್ನು ಹಾಕಿಕೊಳ್ಳಿ. ತುಕ್ಕು ಒರೆಸಿ ಒಂದೊಂದನ್ನೂ ತೋರಿಸಿದೆ. ಅವನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ. ಒಂದು ಸುಳ್ಳೂ ಹೇಳಲಿಲ್ಲ ನಾನು.

ರಾಶಿಯ ಅಡಿಯಲ್ಲಿ ಹಲಸಿನ ಮರದ ಕವೆಯೊಂದು ಕಂಡಿತು. ನೋಡಿದ್ದೇ ಗುರುತು ಸಿಕ್ಕಿತು. ಅಪ್ಪ ಮಾಡಿಕೊಂಡದ್ದು. ಸಪೂರ ಕಂಬ ತಿರುಗುವಾಗ ನಡುವಿನಲ್ಲಿ ಬಳುಕದ ಹಾಗೆ ಹಿಡಿಯುವುದು ಅದೇ. ಮರ ಉಜ್ಜಿ ಕಪ್ಪಾಗಬಾರದೆಂದು ಅಪ್ಪ ಅದರ ಬಾಯಿಗೆ ಅಡಿಕೆ ಹಾಳೆ ಹೊದಿಸಿ ಹರಳೆಣ್ಣೆ ಸವರುತ್ತಿದ್ದ. ಹಾಳೆ ಎಂದೋ ಉದುರಿಹೋಗಿ ಮೊಳೆಯ ಗುರುತಷ್ಟೇ ಉಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ಹರಿಹರ ಅದನ್ನು ಕಾಲಿನಿಂದ ಆಚೆ ತಳ್ಳಿದ.

"ಇದು ನಮ್ಮನೆ ಶ್ಯಾವಿಗೆ ಒರಳಿನ ಕಾಲು ಮಾರಾಯ್ತಿ. ಇದರೊಳಗೆ ಹ್ಯಾಗೆ ಸೇರಿತೋ. ಒಲೆಗೆ ಹಾಕು."

ಕಾಲಿನಿಂದ ತಳ್ಳದೆ ಇದ್ದಿದ್ದರೆ ಹೇಳಿಬಿಡುತ್ತಿದ್ದೆ ಅನ್ನಿಸುತ್ತದೆ. ಆಯ್ತು ಹರಿಹರಣ್ಣ ಎಂದೆ.

ಕಂಬ ಕಡೆಯುವ ದಿನ ಯಾರೂ ಕರೆಯದಿದ್ದರೂ ಚೀಲ ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಹೋದೆ. ಸುಬ್ಬಲಕ್ಷ್ಮಮ್ಮ ಹಳೇ ತೊಲೆಯಿಂದ ಎರಡು ತುಂಡು ಕೊಯ್ಸಿ ತಂದು, ಲೇತಿನ ಎದುರು ಕುರ್ಚಿ ಹಾಕಿಸಿ ಕೂತಿದ್ದರು. ಮರ ದಪ್ಪವಿರುವ ತನಕ ಎಲ್ಲ ಚೆನ್ನಾಗಿಯೇ ನಡೆಯಿತು. ಸಪೂರ ಆಗುತ್ತಾ ಬಂದ ಹಾಗೆ ನಡು ಬಳುಕತೊಡಗಿತು, ಹುಡುಗಿಯರು ಆಡುವ ಸ್ಕಿಪ್ಪಿಂಗ್ ಹಗ್ಗದ ಹಾಗೆ. ಹರಿಹರ ಹೆದರಿ ಉಳಿಯನ್ನು ಇನ್ನೂ ಒತ್ತಿದ. ಕಂಬ ಲಟ್ಟನೆ ಮುರಿದು, ಒಂದು ತುಂಡು ಮಾಡಿನ ಶೀಟಿಗೆ, ಇನ್ನೊಂದು ಅವನ ಭುಜಕ್ಕೆ ಬಡಿಯಿತು. ಅಯ್ಯೋ ಪಾಪ ಅಂತ ನನಗೆ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು.

"ಆವತ್ತು ನಾಲ್ಕೂ ಕಡ್ದಿದ್ದು ನೀನೇ ಹೌದೇನೋ ಹರಿಹರ?" ಎಂದು ಸುಬ್ಬಲಕ್ಷ್ಮಮ್ಮ ಕೇಳಿದರು.

ಮಷೀನು ಹಳೆಯದು, ಮರ ಸರಿ ಇಲ್ಲ ಎಂದು ಅವನು ಏನೇನೋ ಗೊಣಗಿದ. ನಾನು ಎದ್ದು ಚೀಲದಿಂದ ಕವೆ ತೆಗೆದೆ. ಅದರ ಬಾಯಿಗೆ ಹೊಸ ಹಾಳೆ ಮನೆಯಲ್ಲೇ ಹೊದಿಸಿ ತಂದಿದ್ದೆ. ಲೇತಿನ ನಡುವಿಗೆ ನಿಲ್ಲಿಸಿ ಬೆಣೆ ಹೊಡೆದೆ, ಎಣ್ಣೆ ಸವರಿದೆ, ತೊಲೆಯ ಎರಡನೇ ತುಂಡನ್ನು ಏರಿಸಿ ನಾನೇ ಉಳಿ ಹಿಡಿದೆ. ಹರಿಹರ ಪಕ್ಕಕ್ಕೆ ಸರಿದ. ಕಂಬ ಸಪೂರವಾಗುತ್ತಾ ಹೋದರೂ ನಡುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದ ಮೂರಕ್ಕೆ ಸರಿಹೊಂದುವ ನಾಲ್ಕನೇ ಕಂಬ ತಯಾರಾಯಿತು.

ಸುಬ್ಬಲಕ್ಷ್ಮಮ್ಮ ಎದ್ದು ಬಂದು, ಬಗ್ಗಿ ನೋಡಿ, ಇದು ಎಂತದೇ ಎಂದು ಕವೆಯನ್ನು ಮುಟ್ಟಿದರು.

"ಶ್ಯಾವಿಗೆ ಒರಳಿನ ಕಾಲಂತೆ ಅಮ್ಮ. ಹರಿಹರಣ್ಣನೇ ಹೇಳಿದ್ದು," ಎಂದೆ. "ನಿಮ್ಮ ಮಂಚದ ಕಂಬ ಕಡೆಯಲಿಕ್ಕೆ ನನ್ನಪ್ಪ ಗುರುವ ಮಾಡಿಕೊಂಡಿದ್ದು. ಇದಿಲ್ಲದೆ ಅವು ಆಗ್ತಿರಲಿಲ್ಲ."

ಅವರು ಹರಿಹರನ ಮುಖ ನೋಡಿದರು. ಅವನು ಭುಜ ಉಜ್ಜಿಕೊಳ್ಳುತ್ತಾ ನೆಲ ನೋಡುತ್ತಿದ್ದ. ಗುರುವನ ಮಗಳಾ ನೀನು ಎಂದು ನನ್ನನ್ನು ಕೇಳಿ, ಇನ್ನು ಮೇಲೆ ಮನೆಗೆ ಬಂದವರಿಗೆಲ್ಲ ಆ ಹೆಸರನ್ನೇ ಹೇಳುತ್ತೇನೆ ಎಂದು ಕಂಬವನ್ನು ಕಾರಿಗೆ ಹಾಕಿಸಿದರು.

ನಾನು ಬೆಣೆ ಬಿಚ್ಚುತ್ತಿದ್ದಾಗ ಹರಿಹರ ಹತ್ತಿರ ಬಂದ.

"ಅವತ್ತೇ ಒಂದು ಮಾತು ಹೇಳಬಹುದಿತ್ತಲ್ಲ ಕುಸುಮಾ."

"ಅಮ್ಮ ಕೇಳಿದ ದಿನ ನೀವು ಕೊಡಬಹುದಿತ್ತಲ್ಲ," ಎಂದು ಕವೆಯನ್ನು ಚೀಲಕ್ಕೆ ಹಾಕಿಕೊಂಡೆ.