ಚಿಕ್ಕಮಾರಯ್ಯನ ಪಾಳೇಗಾರ

ಅಟ್ಟೂರಿನ ಚಿಕ್ಕಮಾರಯ್ಯ ಹದಿನೇಳು ವರ್ಷ ರಾಣಿಯಾಗಿದ್ದ. ಹಗಲೆಲ್ಲ ಯಲಹಂಕ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್ ಕೆಲಸ. ಜಲ್ಲಿ ಬಡಿಯುವುದು, ಬೋಲ್ಟು ಬಿಗಿಯುವುದು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದು ಊರವರು ನಾಟಕ ಕಟ್ಟಿದಾಗ ಸೀರೆ ಉಟ್ಟು, ಚೌರಿ ಮುಡಿದು, ಪಾಳೇಗಾರನ ರಾಣಿಯಾಗಿ ರಂಗಕ್ಕೆ ಬರುತ್ತಿದ್ದ. ಸಪೂರ ಮೈ, ಎಳೆ ದನಿ. ಅವನಿಗೆ ಹದಿನೆಂಟಾಗಿದ್ದಾಗ ನಾಟಕದ ಮೇಷ್ಟ್ರು ವೆಂಕಟಸ್ವಾಮಿ ಗಲ್ಲ ಹಿಡಿದೆತ್ತಿ ನೋಡಿ, "ನಂಗೆ ರಾಣಿ ಸಿಕ್ಬುಟ್ಲು" ಎಂದಿದ್ದರು. ಅಂದಿನಿಂದ ಬೇರೆ ಪಾತ್ರ ಸಿಕ್ಕಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಪಾಳೇಗಾರನ ಪಾತ್ರ. ನಾಟಕ ಮೇಷ್ಟ್ರೇ ಬರೆದದ್ದು. ಕೊನೆಯ ದೃಶ್ಯದಲ್ಲಿ ಶತ್ರುಗಳು ಕೋಟೆಯನ್ನು ಸುತ್ತುವರಿದಿರುತ್ತಾರೆ, ಒಳಗೆ ಕುಡಿಯುವ ನೀರೂ ಮುಗಿದಿರುತ್ತದೆ. ಜನರನ್ನು ಉಳಿಸಲು ಪಾಳೇಗಾರ ಒಬ್ಬನೇ ಹೊರಗೆ ನಡೆಯುತ್ತಾನೆ. ಅವನ ಕಾಲ ಬಳಿ ಕೂತು ಅಳುವುದು ರಾಣಿಯ ಕೆಲಸ. ಅಳುತ್ತಲೇ ಚಿಕ್ಕಮಾರಯ್ಯ ಪಾಳೇಗಾರನ ಮಾತುಗಳನ್ನು ತುಟಿಯೊಳಗೆ ಆಡಿಕೊಳ್ಳುತ್ತಿದ್ದ. ಎರಡು ಮೂರು ಸಲ ಕೇಳಿಯೂ ನೋಡಿದ್ದ. "ನೀನು ಗಂಡ್ಸಿನ ಪಾತ್ರ ಮಾಡಿದ್ರೆ ರಾಣಿ ಯಾರಯ್ಯ ಮಾಡ್ತಾರೆ?" ಎಂದು ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತಿದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅವನ ಹೆಂಡತಿ ಅಂಜಿನಮ್ಮ ಒಮ್ಮೆಯೂ ನಾಟಕ ನೋಡಲು ಬಂದವಳಲ್ಲ. ಮದುವೆಯಾದ ವರ್ಷ ಬಾವಿಕಟ್ಟೆಯಲ್ಲಿ ಯಾರೋ, "ನಿಮ್ಮನೇಲಿ ಇಬ್ರೂ ಎಂಗಸ್ರೇನೇ?" ಎಂದು ನಕ್ಕಿದ್ದರು. ಅವಳು ಅದನ್ನು ಗಂಡನಿಗೆ ಹೇಳಿರಲಿಲ್ಲ. ನಾಟಕದ ದಿನ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದಳು.

ಐವತ್ತೇಳನೇ ಇಸವಿಯಲ್ಲಿ ಪಟೇಲ ದೊಡ್ಡಮುನಿಯಪ್ಪ ಹೊಸ ಮಾತು ತೆಗೆದರು. "ಎಲ್ಲಾ ಕಡೆ ಎಣ್ಮಕ್ಳೇ ಎಣ್ಣಿನ ಪಾತ್ರ ಮಾಡ್ತಾವ್ರೆ. ನಾವೂ ಕರ್ಸಾನ." ಯಶವಂತಪುರದಲ್ಲಿದ್ದ ದ್ರೌಪದಮ್ಮ ಎಂಬ ನಟಿಗೆ ಹೇಳಿಕಳಿಸಿದರು. ಅವರಿದ್ದ ಕಂಪನಿ ಮುಚ್ಚಿ ಎರಡು ವರ್ಷವಾಗಿತ್ತು. ಅದೇ ಹೊತ್ತಿಗೆ ಪಾಳೇಗಾರ ಮಾಡುತ್ತಿದ್ದ ಬ್ಯಾಟರಾಯಪ್ಪನ ಗಂಟಲು ಕೆಟ್ಟಿತು. ಚಿಕ್ಕಮಾರಯ್ಯ ಮೇಷ್ಟ್ರ ಮನೆಗೆ ಹೋಗಿ ಪಾತ್ರ ಕೇಳಿದ. ಅವರು ಮೂರು ದಿನ ಸತಾಯಿಸಿ, ಕೊನೆಗೆ ಬೇರೆ ದಾರಿ ಕಾಣದೆ ಒಪ್ಪಿದರು.

ಅವತ್ತೇ ಅವನು ಮೀಸೆ ಬಿಟ್ಟ. "ಈ ಸಲ ನಾನೂ ಬತ್ತೀನಿ" ಎಂದಳು ಅಂಜಿನಮ್ಮ.

ದ್ರೌಪದಮ್ಮನಿಗೆ ನಲವತ್ತು ದಾಟಿತ್ತು. ತಾಲೀಮಿನ ಮೊದಲ ದಿನವೇ ಅವರು ಅವನ ನಡಿಗೆ ನೋಡಿದರು. ಎಲ್ಲರೂ ಕಾಫಿಗೆ ಎದ್ದಾಗ ಹತ್ತಿರ ಕರೆದರು.

"ಮಾರಯ್ಯನೋರೆ, ನೀವಿನ್ನೂ ಸೀರೆ ಉಟ್ಟೋರ ಥರ ನಡೀತೀರ. ಹಿಮ್ಮಡಿ ಮೊದ್ಲು ಊರಿ."

ಅವರೇ ನಡೆದು ತೋರಿಸಿದರು. ಎದೆ ಸೆಟೆದು, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟವರಂತೆ ನಾಲ್ಕು ಹೆಜ್ಜೆ ಬಂದು ಪಾಳೇಗಾರನ ಕಡೆಯ ಮಾತನ್ನು ಹೇಳಿದರು. ಚಿಕ್ಕಮಾರಯ್ಯ ಬೆರಗಾಗಿ ನಿಂತ.

"ಅಮ್ಮ, ನೀವು ಮಾಡ್ಬೇಕಾದ ಪಾತ್ರ ಇದು."

"ಇಪ್ಪತ್ತೆರಡು ವರ್ಷದಿಂದ ಅದೇ ಆಸೆ. ಕಂಪನಿ ಮಾಲೀಕರ್ನ ಒಂದ್ಸಲ ಕೇಳ್ದೆ. ಊಟ ಮಾಡ್ತಿದ್ದೋರು ನೆತ್ತಿಗೆ ಹತ್ತೋ ಹಾಗೆ ನಕ್ರು." ಅವರು ಸೆರಗು ಸರಿಮಾಡಿಕೊಂಡರು. "ನಿಮಗಾದ್ರೂ ಸಿಕ್ತಲ್ಲ. ಚೆನ್ನಾಗಿ ಮಾಡಿ."

ಎರಡು ತಿಂಗಳು ಅವನು ಹಳಿಯುದ್ದಕ್ಕೂ ಹಿಮ್ಮಡಿ ಊರಿ ನಡೆದ.

ನಾಟಕದ ದಿನ ಪುಟ್ಟೇನಹಳ್ಳಿಯಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದರು. ಅಂಜಿನಮ್ಮ ಹೊಸ ಸೀರೆ ಉಟ್ಟು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಳು. ಪರದೆ ಸರಿದು ಪಾಳೇಗಾರ ಬಂದಾಗ ಸದ್ದಿರಲಿಲ್ಲ. ಮೊದಲ ದೃಶ್ಯ ಸರಾಗವಾಗಿ ಹೋಯಿತು. ಎರಡನೆಯದರಲ್ಲಿ ಸೇನಾಪತಿಯನ್ನು ಗದರಿಸಿ ತಿರುಗುವಾಗ, ಅವನಿಗೇ ಗೊತ್ತಿಲ್ಲದಂತೆ ಬಲಗೈ ಎಡಭುಜಕ್ಕೆ ಹೋಗಿ, ಇಲ್ಲದ ಸೆರಗನ್ನು ಎಳೆದುಕೊಂಡಿತು.

ಮುಂದಿನ ಸಾಲಿನ ಮುದುಕಿಯೊಬ್ಬಳು ಅಕ್ಕರೆಯಿಂದಲೇ, "ಅಯ್ಯೋ, ನಮ್ಮ ರಾಣಮ್ಮ ಕಣೇ" ಎಂದಳು.

ಜನ ನಕ್ಕರು. ಅವರ ನಗುವಿನಲ್ಲಿ ಕೆಟ್ಟತನವಿರಲಿಲ್ಲ. ಹದಿನೇಳು ವರ್ಷ ಅವನ ಅಳುವಿಗೆ ಅತ್ತವರೇ ಅವರೆಲ್ಲ. ಆದರೆ ನಗು ನಿಲ್ಲಲಿಲ್ಲ. ಅವನು ದನಿ ಎತ್ತರಿಸಿದ. ಅದು ಒಡೆದು ಹೆಣ್ಣುದನಿಯಾಯಿತು. ಯಾರೋ ಶಿಳ್ಳೆ ಹಾಕಿದರು. ಅವನು ಮಾತು ನುಂಗದೆ, ಬೆವರುತ್ತಾ ದೃಶ್ಯ ಮುಗಿಸಿ ಒಳಗೆ ಬಂದ.

ಬಣ್ಣದ ಕೋಣೆಯಲ್ಲಿ ಪಟೇಲರು ಕಾದಿದ್ದರು. ಪಕ್ಕದಲ್ಲಿ ಬ್ಯಾಟರಾಯಪ್ಪ ಆಗಲೇ ಅಂಗಿ ಬಿಚ್ಚುತ್ತಿದ್ದ.

"ಕಿರೀಟ ಕೊಡೋ ಮಾರಯ್ಯ. ಊರ ಮರ್ಯಾದೆ ವೋಯ್ತದೆ. ಉಳಿದದ್ದು ಇವ್ನು ಮಾಡ್ಲಿ."

"ಕಡೇ ದೃಶ್ಯ ಒಂದು ಬಿಟ್ಕೊಡಿ ಗೌಡ್ರೆ. ಅದ್ರಲ್ಲಿ ನಗಕ್ಕಿಲ್ಲ ಅವ್ರು."

"ಅದ್ರಲ್ಲಿ ನಕ್ರೆ ನಾಟ್ಕನೇ ಕೆಟ್ಟೋಯ್ತದೆ."

ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಎದ್ದು ಬರಲಿಲ್ಲ. ದ್ರೌಪದಮ್ಮ ಮಾತ್ರ, "ಅವರೇ ಮಾಡ್ಲಿ ಬಿಡಿ. ನಾನಿರ್ತೀನಿ ಪಕ್ಕದಲ್ಲಿ, ನಿಭಾಯಿಸ್ತೀನಿ" ಎಂದರು. ಪಟೇಲರು ಅವರತ್ತ ತಿರುಗಲೂ ಇಲ್ಲ. ಚಿಕ್ಕಮಾರಯ್ಯ ತಾನೇ ಕಿರೀಟ ತೆಗೆದು ಬ್ಯಾಟರಾಯಪ್ಪನ ಕೈಗೆ ಕೊಟ್ಟ. ಹಿಂದಿನ ಬಾಗಿಲಿನಿಂದ ಹೊರಬಂದಾಗ ಅಂಜಿನಮ್ಮ ಅಲ್ಲೇ ನಿಂತಿದ್ದಳು. ಇಬ್ಬರೂ ಮನೆಯ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವಳು, "ನಾನು ನಗ್ಲಿಲ್ಲ" ಎಂದಳು.

"ಗೊತ್ತು" ಎಂದ.

ಅವತ್ತು ಬ್ಯಾಟರಾಯಪ್ಪ ಕೆಟ್ಟ ಗಂಟಲಿನಲ್ಲೇ ಕೊನೆಯ ಮಾತು ಹೇಳಿದನೆಂದೂ, ಜನ ಕಣ್ಣೊರೆಸಿಕೊಂಡರೆಂದೂ ಮರುದಿನ ತಿಳಿಯಿತು. ಮುಂದಿನ ವರ್ಷ ಮೇಷ್ಟ್ರು ಮನೆಗೆ ಬಂದು ರಾಣಿಯ ಪಾತ್ರಕ್ಕೆ ಕರೆದರು. "ಜನ ನಿನ್ನೇ ಕೇಳ್ತಾವ್ರೆ ಕಣಯ್ಯ" ಎಂದರು. ಅವನು ಒಪ್ಪಲಿಲ್ಲ. ಆಮೇಲೆ ಅರ್ಜಿ ಹಾಕಿಕೊಂಡು ದೊಡ್ಡಜಾಲದ ಸ್ಟೇಷನ್ನಿಗೆ ವರ್ಗವಾಗಿ ಹೋದ.

ಅರವತ್ತೆರಡರಲ್ಲಿ ಒಂದು ಮಧ್ಯಾಹ್ನ ಚಿಕ್ಕಬಳ್ಳಾಪುರದ ಕಡೆ ಹೊರಟ ರೈಲು ಅಲ್ಲಿ ನಿಂತಾಗ, ಕಿಟಕಿಯಿಂದ ಯಾರೋ ಹೆಸರು ಹಿಡಿದು ಕೂಗಿದರು. ದ್ರೌಪದಮ್ಮ. ಕೂದಲು ನೆರೆತಿತ್ತು. ದೇವನಹಳ್ಳಿಯಲ್ಲಿ ನಾಟಕವಂತೆ.

"ಈಗ್ಯಾವ ಪಾತ್ರ ಅಮ್ಮ?"

"ಅತ್ತೆ ಪಾತ್ರ. ಮೂರೇ ಮಾತು." ಅವರು ಕಿಟಕಿಗೆ ಮುಖ ತಂದರು. "ಅವತ್ತು ಕಡೇ ದೃಶ್ಯದಲ್ಲಿ ನಂಗೆ ಅಳು ಬರ್ಲಿಲ್ಲ ಮಾರಯ್ಯನೋರೆ. ಇಷ್ಟು ವರ್ಷದಲ್ಲಿ ಹಾಗಾಗಿದ್ದು ಅದೊಂದೇ ಸಲ. ಪಾಳೇಗಾರನ ಮಾತು ನೆನಪಿದೆಯಾ?"

"ಇಲ್ಲಮ್ಮ. ಮರ್ತೋದೆ."

ಮರೆತಿರಲಿಲ್ಲ. ಗಾರ್ಡು ಸೀಟಿ ಊದಿದ. ಅವರು ಇನ್ನೂ ಏನೋ ಹೇಳುತ್ತಿದ್ದರು. ಗಾಲಿಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಕೊನೆಯ ಡಬ್ಬಿ ದಾಟಿದ ಮೇಲೆ ಅವನು ಸುತ್ತಿಗೆ ಎತ್ತಿಕೊಂಡು ಕೆಲಸಕ್ಕೆ ಇಳಿದ. ಸಂಜೆ ಮನೆಯಲ್ಲಿ ಅಂಜಿನಮ್ಮ, "ಯಾಕೆ ಸಪ್ಪಗಿದ್ದೀಯ?" ಎಂದು ಕೇಳಿದಳು. ಬಿಸಿಲು ಜಾಸ್ತಿಯಿತ್ತು ಎಂದು ಹೇಳಿ ಊಟಕ್ಕೆ ಕೂತ.