ನಾಡಿಯೇ ಹೇಳಬೇಕು

ಮದ್ದಿನಂಗಡಿಯ ಮೆಟ್ಟಿಲು ಹತ್ತುವ ಮುನ್ನ ಅಪ್ಪ ಮತ್ತೆ ಎಚ್ಚರಿಸಿದ.

"ಸುಹೇ, ಒಳಗೆ ತುಟಿಪಿಟಕ್ ಅನ್ಬೇಡ. ನಾಡಿ ಹಿಡಿದು ವೈದ್ಯನೇ ಹೇಳ್ಬೇಕು. ಕೇಳಿ ತಿಳ್ಕೊಂಡು ಮದ್ದು ಕೊಡೋಕೆ ಪಕ್ಕದ್ಮನೆ ಅಜ್ಜಿ ಸಾಲದಾ?"

ಚೀನಾದ ಗನ್ಸು ಪ್ರಾಂತ್ಯದ ಆ ಪೇಟೆಯ ಮುದುಕರು ವೈದ್ಯರನ್ನು ಪರೀಕ್ಷಿಸುತ್ತಿದ್ದುದೇ ಹಾಗೆ. ಮುಂಗೈ ಚಾಚುವರು, ಬಾಯಿ ಹೊಲಿದುಕೊಳ್ಳುವರು. ಸುಮ್ಮನಿರುವುದು ಸುಹೇಗೆ ಕಷ್ಟವೇನಲ್ಲ. ಹೊಸಬರ ಮುಂದೆ ಅವಳಿಗೆ ಸ್ವರವೇ ಹೊರಡದು. ಆದರೆ ದಿನವೂ ಅಪ್ಪನ ಕಾಲು ತೊಳೆಯುವವಳು ಅವಳು. ಎಡಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಒತ್ತಿದರೂ ನೋಯುತ್ತಿರಲಿಲ್ಲ. ನೋವಿಲ್ಲವೆಂದು ಅಪ್ಪ ನಿಶ್ಚಿಂತ. ನೋವಿಲ್ಲದ್ದೇ ಅವಳಿಗೆ ದಿಗಿಲು.

ಮುದಿ ವೈದ್ಯ ಮಿಯಾವೊ ಎರಡೂ ಕೈಗಳ ನಾಡಿ ಹಿಡಿದು ಕಣ್ಣು ಮುಚ್ಚಿದರು. "ನಾಲಿಗೆ ತೋರ್ಸಣ್ಣ."

ಕೆಂಪು ನಾಲಿಗೆ, ಉದ್ದಕ್ಕೂ ಬಿರುಕು.

"ಎಷ್ಟು ಕುಡಿದ್ರೂ ಗಂಟಲು ಆರ್ತದೆ, ಶ್ವಾಸಕೋಶ ಒಣಗಿದೆ. ಉಂಡು ಎದ್ದ ಕೂಡ್ಲೇ ಹಸಿವು, ಹೊಟ್ಟೇಲಿ ಬೆಂಕಿ. ಮತ್ತೆಮತ್ತೆ ಮೂತ್ರಕ್ಕೆ ಏಳ್ತೀರಿ, ಮೂತ್ರಪಿಂಡಕ್ಕೆ ಹಿಡಿದಿಟ್ಕೊಳ್ಳೋ ಬಲ ಇಲ್ಲ. ಮೈಯೊಳಗಿನ ತಂಪು ತೀರಿ ಬರೀ ಕಾವು ಉಳಿದಿದೆ. ಮೈ ಕರಗಿಸೋ ಬಾಯಾರಿಕೆ ಇದು. ಈಗಿನವ್ರು ಸಕ್ಕರೆ ಕಾಯಿಲೆ ಅಂತಾರೆ."

"ಕಂಡ್ಯಾ!" ಅಪ್ಪನ ಮುಖ ಅರಳಿತು.

"ಬೇರೇನಾದ್ರೂ ತೊಂದ್ರೆ?"

"ಅದನ್ನೂ ನೀವೇ ಹೇಳ್ಬೇಕು ವೈದ್ಯರೇ."

ವೈದ್ಯರು ನಕ್ಕು, ಮದ್ದಿಗೆಂದು ಒಣಗಿಸಿದ ಕಾಡುಗೆಣಸು ತೂಗಲು ಎದ್ದರು. ಸುಹೇ ಅಂಗಿಯ ಅಂಚನ್ನು ಹಿಂಡಿದಳು.

"ಕಾಲು..." ಅಂದಳು. "ಅಪ್ಪನ ಎಡಗಾಲು ನೋಡಿ."

ಅಪ್ಪ ಗದರುವಷ್ಟರಲ್ಲಿ ವೈದ್ಯರು ಬಗ್ಗಿ ಕಾಲುಚೀಲ ಎಳೆದಿದ್ದರು. ವಾಸನೆ ಅಂಗಡಿ ತುಂಬಿತು. ಅವರ ನಗು ಆರಿತು.

"ನನ್ನ ಬೇರುನಾರು ಇದಕ್ಕೆ ಸಾಲದು ಮಗೂ. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗು. ಬೆರಳು ಹೋದ್ರೂ ಕಾಲು ಉಳಿದೀತು."

ಅಪ್ಪ ನಿಧಾನವಾಗಿ ಕಾಲುಚೀಲ ಏರಿಸಿಕೊಂಡ.

"ನಾಡಿ ಅಷ್ಟೆಲ್ಲ ಹೇಳ್ತಲ್ಲ, ಇದನ್ಯಾಕೆ ಹೇಳ್ಲಿಲ್ಲ? ನಾಡಿ ಹೇಳದ್ದು ರೋಗವೇ ಅಲ್ಲ. ನೀವು ಹೇಳಿದ್ದಕ್ಕೆ ಮದ್ದು ಕಟ್ಟಿ, ಸಾಕು."

"ಅಣ್ಣಾ, ನಾಡಿ ದೇವರಲ್ಲ. ನಂಗೆ ಸಿಕ್ಲಿಲ್ಲ, ನನ್ನ ತಪ್ಪು. ಹೋಗಿ."

"ತಪ್ಪು ನಿಮ್ದಲ್ಲ. ಹೇಳ್ಕೊಟ್ಟವಳದು."

ಹೊರಗೆ ಸುಹೇ ಬಸ್‌ನಿಲ್ದಾಣದತ್ತ ಅವನ ತೋಳು ಹಿಡಿದೆಳೆದಳು. "ಅಪ್ಪಾ, ನಿನ್ನ ದಮ್ಮಯ್ಯ, ಒಂದ್ಸಲ..."

ಅಪ್ಪ ಕೈ ಕೊಡವಿ, ಎಡಗಾಲನ್ನೆತ್ತಿ ಕಲ್ಲುಹಾಸಿಗೆ ಬಲವಾಗಿ ಅಪ್ಪಳಿಸಿದ.

"ನೋಡು! ನೋಯ್ತಾ? ಏನಾದ್ರೂ ಆಯ್ತಾ?"

ಮನೆಯ ದಾರಿ ಹಿಡಿದು ಬಿರಬಿರನೆ ನಡೆದ. ಅಪ್ಪ ಹಟ ಹಿಡಿದು ಕಟ್ಟಿಸಿಕೊಂಡಿದ್ದ ಮದ್ದಿನ ಪೊಟ್ಟಣ ಎದೆಗವಚಿಕೊಂಡು ಅವಳು ಹಿಂದೆ ಹೋದಳು. ಹುಟ್ಟಿದಂದಿನಿಂದ ಕೂಡಿಟ್ಟಿದ್ದ ಧೈರ್ಯವೆಲ್ಲ ಅಂಗಡಿಯಲ್ಲಿ ಆಡಿದ ಆ ಒಂದು ಮಾತಿಗೆ ಮುಗಿದುಹೋಗಿತ್ತು. ಅಪ್ಪನ ಕಾಲುಚೀಲ ಒದ್ದೆಯಾಗುತ್ತ ಬರುವುದನ್ನು ಅವಳು ನೋಡುತ್ತಲೇ ನಡೆದಳು.