ಚಿಂದಿ ಕಟ್ಟಿದ ತೊರೆ

“ನೀವೇ ತಾನೇ ಹೇಳಿದ್ದು, ಆ ತೊರೆಗೆ ಒಂದು ವರ್ಷದಿಂದ ಯಾರೂ ಕಾಲಿಟ್ಟಿಲ್ಲ ಅಂತ? ಮತ್ತೆ ನಿಮಗೆ ನಷ್ಟ ಏನಾಯ್ತಮ್ಮಾ?”

ಇಂಜಿನಿಯರ್ ವಿಯಾಕ್ರೆಸ್ ದೋಣಿಯ ಅಡ್ಡಹಲಗೆಯ ಮೇಲೆ ಕೂತು, ಮೂಗಿಗೆ ಕರ್ಚೀಫು ಒತ್ತಿಕೊಂಡೇ ಕೇಳಿದ. ರಾಜಧಾನಿ ಕೀಟೊದಿಂದ ಬಂದವನು. ಎಣ್ಣೆ ಕಂಪನಿಯ ಪೈಪು ಒಡೆದು ಹಾಳಾದದ್ದಕ್ಕೆ ಜನರಿಗೆ ಎಷ್ಟು ಪರಿಹಾರ ಸಲ್ಲಬೇಕೆಂದು ಲೆಕ್ಕ ಹಾಕುವವನು. ನಾವು ಮೂವರು ಹೆಂಗಸರು ಮೊಣಕಾಲವರೆಗೆ ಕೆಸರಲ್ಲಿ ನಿಂತಿದ್ದೆವು. ನಮ್ಮ ಹಿಂದೆ ಉಪ್ಪುನೀರಿನ ಕಾಂಡ್ಲಾ ಮರಗಳು ಬೇರಿನಿಂದ ಮೇಲಕ್ಕೆ ಎಣ್ಣೆಯ ಕಪ್ಪು ಮೆತ್ತಿಕೊಂಡು ನಿಂತಿದ್ದವು.

ಔರೆಸ್ತೆಲಾ ದೊಡ್ಡವ್ವ ತೊರೆಯ ಬಾಯಿಯ ಕಡೆ ನೋಡಿದಳು. ಹೋದ ವಾರ ಇದೇ ಮನುಷ್ಯನಿಗೆ ತೆಂಗಿನಹಾಲಿನ ಚಿಪ್ಪಿ ಸಾರು ಬಡಿಸುತ್ತಾ, “ನಮ್ಮೂರ ಹೆಂಗಸ್ರು ಅಂದ್ರೆ ಏನ್ಕಂಡಿದೀಯಪ್ಪ? ಒಂದು ಚಿಂದಿ ಕಟ್ಟುದ್ರೆ ಸಾಕು, ಹಸ್ಕೊಂಡು ಬಿದ್ದಿರ್ತಾರೆ, ಆ ತೊರೆಗೆ ಮಾತ್ರ ಕೈ ಇಕ್ಕಲ್ಲ” ಎಂದು ಎದೆಯುಬ್ಬಿಸಿ ಹೇಳಿದ್ದವಳು ಅವಳೇ. ಹೌದು ಹೌದು ಎಂದು ತಲೆಯಾಡಿಸಿದ್ದವರು ನಾವು. ಚಿಪ್ಪಿ ಕಡಿಮೆಯಾಗಿ ತೊರೆ ಬಸವಳಿದಾಗ ಅದರ ಬಾಯಿಯಲ್ಲಿರುವ ಕೊಂಬೆಗೆ ಕೆಂಪು ಚಿಂದಿ ಕಟ್ಟಿ ಬಿಡುವುದು, ಮರಿಚಿಪ್ಪಿ ಬಲಿಯುವ ತನಕ ಯಾರೂ ಮುಟ್ಟದಿರುವುದು, ಕಟ್ಟಿದವಳೇ ಬಿಚ್ಚುವುದು, ಇದು ನಮ್ಮ ಪದ್ಧತಿ. ಈ ಸಲ ಕಟ್ಟಿದ್ದವಳು ದೊಡ್ಡವ್ವ; ಈಸ್ಟರ್ ಮುಂಚಿನ ಪವಿತ್ರ ವಾರಕ್ಕೆ ಬಿಚ್ಚಬೇಕಿತ್ತು. ಅಷ್ಟರಲ್ಲಿ ಎಣ್ಣೆ ಬಂತು.

“ತೊರೆ ಮಲಗಿತ್ತು ಕಣಪ್ಪಾ,” ಎಂದಳು ದೊಡ್ಡವ್ವ. “ಬಲೀಲಿ ಅಂತ ಬಿಟ್ಟಿದ್ವಿ.”

“ಬಳಸಿದ್ರೆ ತಾನೇ ನಷ್ಟ? ನಿಯಮ ಇರೋದೇ ಹಾಗೆ. ಇನ್ನು ಕಾಡಿನ ಮಾತು. ಇಲ್ಲಿ ಎಷ್ಟು ಸತ್ತಿದೆಯೋ ಅಷ್ಟೇ ಕಾಡನ್ನ ಕಂಪನಿ ದಕ್ಷಿಣದ ಕಡೆ ನೆಟ್ಟುಕೊಡುತ್ತೆ. ಅಲ್ಲಿಗೆ ಸಾರ್ವಜನಿಕರ ಕಾಡು ಸಾರ್ವಜನಿಕರಿಗೆ ವಾಪಸ್ ಬಂದಂಗಾಯ್ತು.”

“ಯಾರವ್ವಾ ಅವಳು ಸಾರ್ವಜನಿಕರು?” ಎಂದಳು ನನ್ನ ಪಕ್ಕ ನಿಂತಿದ್ದ ದಿಗ್ನಾ. ಅವಳ ಬಾಯಿಗೆ ಪಾದ್ರಿಯೂ ಹೆದರುತ್ತಾನೆ. “ನಮ್ ಕೇರೀಲಿ ಅಂಥೋಳು ಯಾರೂ ಇಲ್ವಲ್ಲ!”

ನಾನು ಕೇಳಿದೆ: “ದಕ್ಷಿಣದ ತೊರೆಗಳು ಅಲ್ಲಿನ ಹೆಂಗಸರವು ಸಾಮಿ. ನಾವು ಹೋಗಿ ಅವರ ಕೆಸರಿಗೆ ಕೈ ಇಕ್ಕಾಕಾಯ್ತದಾ?”

“ಕೆಸರಲ್ಲಿ ಅವರದು ಇವರದು ಅಂತ ಇರುತ್ತೇನಮ್ಮಾ? ನಿಮ್ಮಂಥವರಿಗೆ ಎಲ್ಲಾ ಕೆಸರೂ ಒಂದೇ ಅಲ್ವಾ?” ಎಂದು ನಕ್ಕ.

“ಥೂ, ಬೋಳಿಮಗನೆ!” ಎಂದು ದಿಗ್ನಾ ಬುಟ್ಟಿ ಎತ್ತಿದಳು. ದೊಡ್ಡವ್ವ ಅವಳ ತೋಳು ಹಿಡಿದಳು.

“ಒಂದ್ಸಲ ಇಳಿದು ಕೈ ಇಕ್ಕಿ ನೋಡಪ್ಪಾ. ಬೇರಿನ ಬುಡದಲ್ಲಿ ಎಂಥ ಚಿಪ್ಪಿ ಸತ್ತು ಬಾಯ್ಬಿಟ್ಕೊಂಡವೆ ಅಂತ ನಿನ್ ಬೆರಳಿಗೇ ಗೊತ್ತಾಯ್ತದೆ. ಆಮೇಲೆ ನಷ್ಟ ಇಲ್ಲ ಅನ್ನು.”

ಅವನು ತನ್ನ ಬಿಳಿ ಬೂಟು ನೋಡಿಕೊಂಡ, ನೀರು ನೋಡಿದ. ಸಮುದ್ರದ ಇಳಿತ ಶುರುವಾಗಿತ್ತು. “ಸಂಜೆ ಪಟ್ಟಣದಲ್ಲಿ ಸಭೆ ಇದೆ. ಈ ತೊರೆಯಿಂದ ಯಾರಿಗೂ ನಷ್ಟ ಇಲ್ಲ, ತೊಳೆಸೋ ಅಗತ್ಯವೂ ಇಲ್ಲ ಅಂತ ಹೇಳ್ತೀನಿ. ಇವತ್ತಿಗೆ ಇದು ಮುಗೀತು. ಹಸಿಂತೊ, ಹೊರಡು,” ಎಂದು ದೋಣಿ ನಡೆಸುವವನಿಗೆ ಹೇಳಿದ.

ದೊಡ್ಡವ್ವ ತಿರುಗಿದಳು. ಕೆಸರಲ್ಲಿ ಕಾಲು ಕಿತ್ತಿಡುತ್ತಾ ತೊರೆಯ ಬಾಯಿಗೆ ಹೋಗಿ ಚಿಂದಿ ಬಿಚ್ಚಿದಳು. ಎಣ್ಣೆ ಕುಡಿದು ಅದು ಕೆಂಪೋ ಕಪ್ಪೋ ಗೊತ್ತಾಗುತ್ತಿರಲಿಲ್ಲ. ಬಂದವಳೇ ದೋಣಿಯ ಮೋಟಾರಿನ ಹಿಡಿಗೆ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದಳು.

ಮೋಟಾರಿನ ಹಗ್ಗಕ್ಕೆ ಹೋಗಿದ್ದ ಹಸಿಂತೊನ ಕೈ ಅಲ್ಲೇ ನಿಂತಿತು. ಕಂಪನಿಯ ಕೂಲಿ ಪಡೆಯುವವನಾದರೂ ನಮ್ಮ ಕೇರಿಯವನು. ಅವನ ತಾಯಿ ಇದೇ ತೊರೆಯಲ್ಲಿ ಚಿಪ್ಪಿ ಆರಿಸಿ ಅವನನ್ನು ಸಾಕಿದಳು.

“ಯಾಕೋ ನಿಂತೆ?”

“ಕಟ್ಟವ್ರೆ ಸಾರ್.”

“ಬಿಚ್ಚಿ ಎಸಿ ಅದನ್ನ!”

“ನಾನು ಬಿಚ್ಚಂಗಿಲ್ಲ ಸಾರ್. ಕಟ್ಟಿದೋರೇ ಬಿಚ್ಚಬೇಕು.” ಹಸಿಂತೊ ಪ್ಯಾಂಟು ಮಡಚಿ ಕೆಸರಿಗಿಳಿದ. ದಿಗ್ನಾ ಸೊಳ್ಳೆಗೆಂದು ಹೊತ್ತಿಸಿಟ್ಟಿದ್ದ ತೆಂಗಿನ ನಾರಿನ ಹೊಗೆಯ ಹತ್ತಿರ ಹೋಗಿ ಚುಟ್ಟಾ ಅಂಟಿಸಿಕೊಂಡ.

ಇಂಜಿನಿಯರ್ ತಾನೇ ಗಂಟಿಗೆ ಕೈ ಹಾಕಿದ. ಎಣ್ಣೆಗೆ ಬೆರಳು ಜಾರಿತು. ಗಂಟನ್ನು ಅಲ್ಲಿಗೇ ಬಿಟ್ಟು ಮೋಟಾರಿನ ಹಗ್ಗ ಜಗ್ಗಿದ. ಮೋಟಾರು ಕೆಮ್ಮಿ ಸುಮ್ಮನಾಯಿತು. ಫೋನನ್ನು ಆಕಾಶಕ್ಕೆ ಹಿಡಿದು ಆ ಕಡೆ ಈ ಕಡೆ ತಿರುಗಿದ.

“ನನ್ನ ಸಭೆ ತಪ್ಪಿದ್ರೆ ಏನಾಗುತ್ತೆ ಗೊತ್ತಾ? ಯಾವಾಗ ಬಿಚ್ಚೋದು ಇದನ್ನ?”

“ಮಲಗಿರ್ಲಿ ಬಿಡಪ್ಪಾ,” ಎಂದಳು ದೊಡ್ಡವ್ವ ಬುಟ್ಟಿ ಸೊಂಟಕ್ಕೇರಿಸುತ್ತಾ. “ನಿನ್ ದೋಣಿಗೆ ಇನ್ಮೇಲೆ ಯಾರೂ ಕೈ ಇಕ್ಕಲ್ಲ. ಬಳಸೋರೇ ಇಲ್ದಿದ್ಮೇಲೆ ನಷ್ಟ ಏನಾಯ್ತು?”

ನೀರು ಬೇರುಗಳ ನಡುವೆ ಸರಸರ ಇಳಿಯುತ್ತಿತ್ತು. ದೋಣಿಯ ಹೊಟ್ಟೆ ಕೆಸರಿಗೆ ತಾಗಿ ಒಮ್ಮೆಲೇ ವಾಲಿತು. ಬೀಳದಿರಲೆಂದು ಇಂಜಿನಿಯರ್ ಹೊರಗೆ ಚಾಚಿದ ಕೈ ಕೆಸರೊಳಗೆ ಮೊಣಕೈವರೆಗೂ ಇಳಿದುಹೋಯಿತು.